ಓಟ ನಿಂತ ಮೇಲೆ: ಸೇನಾ ಭರ್ತಿಗೆ ಸಜ್ಜಾಗುತ್ತಿದ್ದ ಕೊಡಗಿನ ಯುವಕನೊಬ್ಬನ ಪ್ರಕರಣ

ಇಪ್ಪತ್ತು ವರ್ಷದ ಯುವಕ. ಊರು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಯಿಂದ ಒಳಗೆ, ಬೆಟ್ಟದ ಇಳಿಜಾರಿನಲ್ಲಿದೆ. ತಂದೆ ಸೇನೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಈಗ ಕಾಫಿ, ಕರಿಮೆಣಸು, ಮನೆ ಖರ್ಚಿಗೆ ಸಾಕಾಗುವಷ್ಟು ಗದ್ದೆ ನೋಡಿಕೊಂಡಿದ್ದಾರೆ. ಮಗ ಅಗ್ನಿವೀರ್ ಭರ್ತಿಯ ಲಿಖಿತ ಪರೀಕ್ಷೆ ಪಾಸಾಗಿ ದೈಹಿಕ ಪರೀಕ್ಷೆಗೆ ಓಡುತ್ತಿದ್ದಾಗ ಎಡಗಾಲಿನ ಮೊಣಕಾಲ ಕೆಳಗಿನ ದೊಡ್ಡ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಬಿಟ್ಟಿತು. ಆ ಬಿರುಕು ಕೂಡಿಕೊಳ್ಳಬೇಕಾದ ಅವಧಿಯಲ್ಲೇ ಕೂಡಿಕೊಂಡಿತು. ಆದರೆ ಅದೇ ಅವಧಿಯಲ್ಲಿ ಹುಡುಗ ಬದುಕುವ ಆಸೆಯನ್ನೇ ಬಹುಮಟ್ಟಿಗೆ ಕಳೆದುಕೊಂಡಿದ್ದ, ಮತ್ತು ಅದು ಯಾರ ಚೀಟಿಯಲ್ಲೂ ದಾಖಲಾಗಿರಲಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಕಾಲು ನೋಡಲು ಬಂದವನ ಮನಸ್ಸಿನ ಕಥೆ ನನ್ನ ಮುಂದೆ ಬಿಚ್ಚಿಕೊಂಡಿತು. ಹುಡುಗನ ಮತ್ತು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಕಾರಣವಿದೆ. ವ್ಯಾಯಾಮದಿಂದ ಗಾಯಗೊಂಡವರಿಗೆ ನಾವು ಕೊಡುವ ಮೊದಲ ಸಲಹೆ ‘ರೆಸ್ಟ್ ಮಾಡು’ ಎಂಬುದು. ಆ ಸಲಹೆ ಸರಿ. ಆದರೆ ಬೆಳಗ್ಗೆ ಐದು ಗಂಟೆಗೆ ಎದ್ದು ಓಡುವುದನ್ನೇ ಬದುಕಿನ ಆಧಾರ ಮಾಡಿಕೊಂಡವನಿಗೆ ಓಟ ನಿಲ್ಲಿಸು ಎಂದು ಹೇಳಿ, ಮರುದಿನದ ಐದು ಗಂಟೆಗೆ ಏನು ಮಾಡಬೇಕೆಂದು ಹೇಳದೆ ಕಳುಹಿಸುವುದು ಅಪಾಯಕಾರಿ.

ತಯಾರಿ

ಕೊಡಗಿನಲ್ಲಿ ಸೇನೆ ಸೇರುವುದು ಒಂದು ನೌಕರಿ ಹಿಡಿಯುವುದಷ್ಟೇ ಅಲ್ಲ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರು, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು ಈ ಜಿಲ್ಲೆಯವರು. ಅವರ ಭಾವಚಿತ್ರಗಳನ್ನು ಗೋಡೆಯ ಮೇಲೆ ನೋಡುತ್ತಾ ಬೆಳೆದ ಮಕ್ಕಳು ಇಲ್ಲಿ ಬಹಳ. ಈ ಹುಡುಗನನ್ನು ಹೈಸ್ಕೂಲಿನಿಂದಲೇ ಊರಿನಲ್ಲಿ ‘ಮಿಲಿಟ್ರಿ’ ಎಂದು ಕರೆಯುತ್ತಿದ್ದರು. ಬಸ್ಸಿನ ಕಂಡಕ್ಟರ್ ಕೂಡ ಹಾಗೆಯೇ ಕರೆಯುತ್ತಿದ್ದ. ಪಿಯುಸಿ ಮುಗಿಸಿದ ಮೇಲೆ ಬೇರೆ ಯಾವ ಕೋರ್ಸಿಗೂ ಅವನು ಅರ್ಜಿ ಹಾಕಿರಲಿಲ್ಲ.

2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ದೈಹಿಕ ಪರೀಕ್ಷೆಯ ಮುಖ್ಯ ಅಂಗ 1.6 ಕಿಲೋಮೀಟರ್ ಓಟ. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ ಪೂರ್ತಿ 60 ಅಂಕ. ಕಂಬಿ ಹಿಡಿದು ಹತ್ತು ಪುಲ್‌ಅಪ್ ಮಾಡಿದರೆ 40 ಅಂಕ. ಇವನು ಹದಿನಾಲ್ಕು ಪುಲ್‌ಅಪ್ ಮಾಡುತ್ತಿದ್ದ. ಓಟ ಮಾತ್ರ 5 ನಿಮಿಷ 50 ಸೆಕೆಂಡಿನ ಆಸುಪಾಸಿನಲ್ಲಿ ನಿಂತುಬಿಟ್ಟಿತ್ತು. ಆ ವರ್ಷದ ನಿಯಮದಂತೆ ಗರಿಷ್ಠ ವಯಸ್ಸು 21. ಮುಂದಿನ ಭರ್ತಿಯ ಹೊತ್ತಿಗೆ ಅವನ ವಯಸ್ಸು ಮೀರುತ್ತಿತ್ತು. ಅಂದರೆ ಇಪ್ಪತ್ತು ಸೆಕೆಂಡು ಇಳಿಸಲು ಅವನಿಗೆ ಉಳಿದಿದ್ದ ಅವಕಾಶ ಒಂದೇ.

ಅದುವರೆಗೆ ವಾರಕ್ಕೆ ಮೂರು ನಾಲ್ಕು ದಿನ ಓಡುತ್ತಿದ್ದವನು ಲಿಖಿತ ಪರೀಕ್ಷೆಯ ಫಲಿತಾಂಶ ಬಂದ ಮರುದಿನದಿಂದಲೇ ಎಲ್ಲ ದಿನವೂ, ದಿನಕ್ಕೆರಡು ಸಲ ಓಡತೊಡಗಿದ. ಬೆಳಗ್ಗೆ ಮನೆಯಿಂದ ಕೆಳಗಿನ ಬಸ್ ನಿಲ್ದಾಣದವರೆಗೆ ಡಾಂಬರು ರಸ್ತೆಯ ಇಳಿಜಾರಿನಲ್ಲಿ ಜೋರು ಓಟ, ಮತ್ತೆ ಏರು. ಸಂಜೆ ಶಾಲಾ ಮೈದಾನದಲ್ಲಿ ವೇಗದ ಸುತ್ತುಗಳು. ನಡುವೆ ತೋಟದ ಕೆಲಸ. ಕಾಲಿಗೆ ಅಡಿ ಸವೆದ ಕ್ಯಾನ್‌ವಾಸ್ ಶೂ. ಮೈ ಹಗುರಾದರೆ ವೇಗ ಬರುತ್ತದೆ ಎಂದು ತರಬೇತಿ ಕೇಂದ್ರದಲ್ಲಿ ಯಾರೋ ಹೇಳಿದ್ದರಿಂದ ರಾತ್ರಿಯ ಅನ್ನವನ್ನೂ ಬಿಟ್ಟಿದ್ದ. ಓಟ ಹೆಚ್ಚಿಸಿದ್ದು, ಇಳಿಜಾರು, ಗಟ್ಟಿ ನೆಲ, ಕಡಿಮೆ ಊಟ: ಇವುಗಳಲ್ಲಿ ಯಾವುದಾದರೂ ಒಂದೇ ಇದ್ದಿದ್ದರೆ ಕಾಲು ತಡೆದುಕೊಳ್ಳುತ್ತಿತ್ತೇನೋ. ನಾಲ್ಕೂ ಒಟ್ಟಿಗೆ ಬಂದವು.

ಮೂಳೆಗೆ ಆದದ್ದೇನು

ಮೂಳೆ ಜೀವಂತ ವಸ್ತು. ಭಾರ ಹೆಚ್ಚಿದಾಗ ಅದು ತನ್ನನ್ನು ತಾನು ಬಲಪಡಿಸಿಕೊಳ್ಳುತ್ತದೆ. ಆದರೆ ಆ ಕೆಲಸ ನಡೆಯುವ ಕ್ರಮವನ್ನು ತಿಳಿದವರು ಕಡಿಮೆ. ರಸ್ತೆ ದುರಸ್ತಿಯಲ್ಲಿ ಮೊದಲು ಹಳೆಯದನ್ನು ಅಗೆದು, ನಂತರ ಜಲ್ಲಿ ಡಾಂಬರು ಹಾಕುವಂತೆ, ಮೂಳೆಯೂ ಮೊದಲು ಹಳೆಯ ಭಾಗವನ್ನು ಕರಗಿಸಿಕೊಳ್ಳುತ್ತದೆ, ನಂತರ ಹೊಸದನ್ನು ಕಟ್ಟುತ್ತದೆ. ಕರಗುವುದು ಬೇಗ, ಕಟ್ಟುವುದು ನಿಧಾನ. ಹೀಗಾಗಿ ವ್ಯಾಯಾಮವನ್ನು ಒಮ್ಮೆಲೇ ಏರಿಸಿದ ಮೂರು ನಾಲ್ಕು ವಾರಗಳ ನಂತರ ಮೂಳೆ ಮೊದಲಿಗಿಂತ ದುರ್ಬಲವಾಗಿರುವ ಒಂದು ಹಂತ ಬರುತ್ತದೆ. ಆಗಲೂ ಅದೇ ಹೊಡೆತ ಬೀಳುತ್ತಿದ್ದರೆ ಸೂಕ್ಷ್ಮ ಬಿರುಕುಗಳು ಕೂಡಿಕೊಂಡು ಒತ್ತಡದ ಮುರಿತವಾಗುತ್ತದೆ. ಇಳಿಜಾರಿನಲ್ಲಿ ಓಡುವಾಗ ಪ್ರತಿ ಹೆಜ್ಜೆಯಲ್ಲೂ ಮೈಯನ್ನು ತಡೆದು ನಿಲ್ಲಿಸಬೇಕಾದ್ದರಿಂದ ಈ ಹೊಡೆತ ಇನ್ನೂ ಹೆಚ್ಚು. ಊಟ ಸಾಲದೆ ಹೋದರೆ ಕಟ್ಟುವ ಕೆಲಸವೇ ಹಿಂದೆ ಬೀಳುತ್ತದೆ. ಖರ್ಚಾಗುವಷ್ಟು ಶಕ್ತಿ ಆಹಾರದಿಂದ ಬಾರದಿದ್ದಾಗ ಮೂಳೆ, ಹಾರ್ಮೋನು, ಮನಸ್ಥಿತಿ ಎಲ್ಲವೂ ಕೆಡುತ್ತವೆ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿಯೇ ವಿವರವಾಗಿ ಹೇಳಿದೆ.

ಇದು ಮೂಲತಃ ಸೈನಿಕರ ಗಾಯ. 1855ರಲ್ಲಿ ಬ್ರೈಥಾಪ್ಟ್ ಎಂಬ ಪ್ರಷ್ಯದ ಸೇನಾ ವೈದ್ಯ, ದೀರ್ಘ ಕವಾಯತಿನ ನಂತರ ಸೈನಿಕರ ಪಾದಗಳು ಊದಿಕೊಂಡು ನೋಯುವುದನ್ನು ಮೊದಲು ದಾಖಲಿಸಿದ. ಆಗ ಎಕ್ಸ್‌ರೇ ಇನ್ನೂ ಹುಟ್ಟಿರಲಿಲ್ಲ. ಅದು ಮೂಳೆಯ ಬಿರುಕು ಎಂದು ಗೊತ್ತಾಗಲು ಮತ್ತೆ ನಾಲ್ಕು ದಶಕ ಬೇಕಾಯಿತು. ಈ ಮಾತನ್ನು ಇಲ್ಲಿ ತರುವುದಕ್ಕೆ ಕಾರಣ ಮುಂದೆ ಬರುತ್ತದೆ.

ನೋವು ಮೇ ಕೊನೆಯಲ್ಲಿ ಶುರುವಾಯಿತು. ಮೊದಲು ಓಡಿ ಮುಗಿಸಿದ ಮೇಲೆ, ನಂತರ ಓಡುವಾಗಲೇ, ಜೂನ್ ನಡುವಿನ ಹೊತ್ತಿಗೆ ರಾತ್ರಿ ಮಲಗಿದಾಗಲೂ. ಹತ್ತಿರದ ಒಬ್ಬ ವೈದ್ಯರು ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಏನೂ ಕಾಣಲಿಲ್ಲ. ಒತ್ತಡದ ಮುರಿತ ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದಿರುವುದೇ ಸಾಮಾನ್ಯ. ಆದರೆ ಮನೆಗೆ ಬಂದ ಸುದ್ದಿ ಒಂದೇ ವಾಕ್ಯದ್ದು: “ಮೂಳೆಗೆ ಏನೂ ಆಗಿಲ್ಲ.” ಅಪ್ಪ ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೇಜಿನ ಮೇಲಿಟ್ಟು, “ನಾಳೆಯಿಂದ ಓಡಬಹುದಲ್ಲ” ಎಂದರಂತೆ. ಹುಡುಗ ಓಡಿದ. ಅಂಗಡಿಯಿಂದ ನೋವಿನ ಮಾತ್ರೆ ತಂದು, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಮತ್ತೆ ಹತ್ತು ದಿನ ಓಡಿದ. ಕೊನೆಗೆ ಒಂದು ದಿನ ಏರಿನಲ್ಲಿ ಕಾಲೂರಲಾಗದೆ ಕುಳಿತವನನ್ನು ಹಾಲಿನ ಜೀಪಿನವರು ಮನೆಗೆ ತಂದುಬಿಟ್ಟರು.

ಮೈಸೂರಿನಲ್ಲಿ ಎಂಆರ್‌ಐ ಆಯಿತು. ಮೂಳೆಯ ಒಳಬದಿಯ ಅಂಚಿನಲ್ಲಿ ಒತ್ತಡದ ಮುರಿತ, ಮೂರನೆಯ ದರ್ಜೆ. ಅದೃಷ್ಟಕ್ಕೆ ಅದು ಸುಲಭವಾಗಿ ಕೂಡಿಕೊಳ್ಳುವ ಜಾಗ. ಮುಂಬದಿಯಲ್ಲಿ ಆಗಿದ್ದರೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದಿತ್ತು. ರಕ್ತದಲ್ಲಿ ವಿಟಮಿನ್ ಡಿ 14 ಇತ್ತು. ಸಾಮಾನ್ಯವಾಗಿ 20ಕ್ಕಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತಾರೆ. ಅದಕ್ಕೆ ಔಷಧಿ ಬರೆದು, “ಎರಡು ತಿಂಗಳು ರೆಸ್ಟ್, ಓಡಬಾರದು” ಎಂದು ಹೇಳಿ ಕಳುಹಿಸಿದರು. ಪ್ಲಾಸ್ಟರ್ ಹಾಕಲಿಲ್ಲ, ಇದಕ್ಕೆ ಅದರ ಅಗತ್ಯವೂ ಇಲ್ಲ.

ಕಣ್ಣಿಗೆ ಕಾಣದ ಗಾಯ

ಪ್ಲಾಸ್ಟರ್ ಇಲ್ಲದ್ದೇ ಈ ಹುಡುಗನಿಗೆ ಮುಳುವಾಯಿತು ಎಂದರೆ ಅತಿಯಾಗುವುದಿಲ್ಲ. ಕೈಕಾಲು ಮುರಿದು ಬಿಳಿ ಪಟ್ಟಿ ಕಟ್ಟಿಕೊಂಡವನನ್ನು ಊರು ವಿಚಾರಿಸುತ್ತದೆ, ಮನೆಗೆ ಹಣ್ಣು ಬರುತ್ತದೆ. ಇವನು ಸಪಾಟು ನೆಲದಲ್ಲಿ ನಡೆಯುತ್ತಿದ್ದ. ಕಾಲು ನೋಡಿದರೆ ಕಾಲಿನಂತೆಯೇ ಇತ್ತು. ಮೊದಲ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಅಂಗಡಿಯ ಜಗಲಿಯಲ್ಲಿ “ಮಿಲಿಟ್ರಿಗೆ ಹೆದರಿಕೆಯಾಯಿತೇ?” ಎಂದು ಯಾರೋ ಕೇಳಿದ ಮೇಲೆ ಅವನು ಅಂಗಡಿಗೆ ಹೋಗುವುದನ್ನು ಬಿಟ್ಟ. ಅಪ್ಪ ಬೈಯಲಿಲ್ಲ. ಮಾತೇ ಆಡಲಿಲ್ಲ. ಮಗನ ಪಾಲಿಗೆ ಬೈಗುಳಕ್ಕಿಂತ ಅದೇ ಭಾರವಾಗಿತ್ತು.

ಮೊಬೈಲಿನಲ್ಲಿ ತರಬೇತಿ ಗೆಳೆಯರ ವಾಟ್ಸ್‌ಆ್ಯಪ್ ಗುಂಪು. ಪ್ರತಿದಿನ ಬೆಳಗ್ಗೆ ಏಳರ ಹೊತ್ತಿಗೆ ಒಬ್ಬೊಬ್ಬರೂ ಅಂದಿನ ಓಟದ ಸಮಯವನ್ನು ಹಾಕುತ್ತಿದ್ದರು. 5.41. 5.36. 5.29. ಇವನು ಗುಂಪು ಬಿಡಲಿಲ್ಲ, ಏನನ್ನೂ ಬರೆಯಲೂ ಇಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡು ಆ ಅಂಕಿಗಳನ್ನು ಓದುತ್ತಿದ್ದ. ಅವನು ಆ ಫೋನನ್ನು ನನಗೆ ತೋರಿಸಿದಾಗ, ಬೇರೆಯವರ ಸಮಯಗಳನ್ನು ತಾರೀಖಿನ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದನ್ನೂ ತೋರಿಸಿದ. ಗೆರೆ ಎಳೆದ ಅಂಕಣಗಳು. ಅವನ ಹೆಸರಿನ ಅಂಕಣದಲ್ಲಿ ಜೂನ್ ಕೊನೆಯಿಂದ ಬರೀ ಅಡ್ಡಗೆರೆಗಳು.

ಇದರ ಮೇಲೆ ಮಳೆ. ಆ ಭಾಗದ ಜುಲೈ ತಿಂಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಹಗಲಿನಲ್ಲೂ ಒಳಗೆ ಮಬ್ಬು, ದಿನಗಟ್ಟಲೆ ಕರೆಂಟ್ ಇಲ್ಲ, ಹೊರಗೆ ಕಾಲಿಟ್ಟರೆ ಜಿಗಣೆ. ಓಡುವವನಿಗೆ ಮಳೆ ಲೆಕ್ಕಕ್ಕಿರಲಿಲ್ಲ. ಓಟ ನಿಂತವನಿಗೆ ಅದು ಗೋಡೆಯಾಯಿತು. ನಿತ್ಯವೂ ಓಡುವವರನ್ನು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ವಾರದೊಳಗೆ ನಿದ್ದೆ ಕೆಡುವುದು, ಸಿಡುಕು, ಆತಂಕ, ಮಂಕು ಕಾಣಿಸಿಕೊಳ್ಳುವುದು ಗೊತ್ತಿರುವ ಸಂಗತಿ. ಬಹಳ ಮಂದಿಗೆ ಓಟವೇ ಅವರ ಆತಂಕದ ಔಷಧಿಯಾಗಿರುತ್ತದೆ, ಅದು ಅವರಿಗೂ ತಿಳಿದಿರುವುದಿಲ್ಲ. ಇವನಿಗೆ ಪಿಯುಸಿ ಕಾಲದಿಂದಲೂ ಪರೀಕ್ಷೆಯ ಹಿಂದಿನ ರಾತ್ರಿ ಎದೆ ಹೊಡೆದುಕೊಳ್ಳುತ್ತಿತ್ತಂತೆ, ಓಡಿ ಬಂದರೆ ಸರಿಹೋಗುತ್ತಿತ್ತಂತೆ. ಈಗ ಔಷಧಿ ನಿಂತಿತು, ಪರೀಕ್ಷೆ ಹತ್ತಿರ ಬರುತ್ತಿತ್ತು.

ಮೈ ತೂಕ ಏರುತ್ತದೆಂಬ ಭಯದಿಂದ ಊಟವನ್ನು ಇನ್ನಷ್ಟು ಇಳಿಸಿದ. ಮೂಳೆ ಕಟ್ಟಬೇಕಾದ ಹೊತ್ತಿನಲ್ಲಿ ಅದಕ್ಕೆ ಬೇಕಾದ ಸಾಮಗ್ರಿಯೇ ಇಲ್ಲವಾಯಿತು. ರಾತ್ರಿ ಮೂರಕ್ಕೆ ಎಚ್ಚರ, ಮತ್ತೆ ನಿದ್ದೆಯಿಲ್ಲ. ಅಪ್ಪನ ಮಿಲಿಟರಿ ಕ್ಯಾಂಟೀನಿನ ಮದ್ಯದ ಬಾಟಲಿಯಿಂದ ನಿದ್ದೆಗಾಗಿ ಸ್ವಲ್ಪ ಸ್ವಲ್ಪ ಕುಡಿಯತೊಡಗಿದ. ಮದ್ಯದಿಂದ ಬರುವ ನಿದ್ದೆ ನಡುರಾತ್ರಿಯೇ ಒಡೆಯುತ್ತದೆ, ಮರುದಿನದ ಮಂಕು ಹೆಚ್ಚುತ್ತದೆ. ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟರಂದು ಅಮ್ಮ ಮದ್ದುಸೊಪ್ಪಿನ ಪಾಯಸ ಮಾಡಿದ್ದರು. ಪ್ರತಿವರ್ಷ ಎರಡು ಮೂರು ಬಟ್ಟಲು ತಿನ್ನುತ್ತಿದ್ದ ಮಗ ಕೋಣೆಯಿಂದ ಈಚೆಗೆ ಬರಲಿಲ್ಲ. ಇದು ಕಾಲಿನ ನೋವಲ್ಲ ಎಂದು ಅಮ್ಮನಿಗೆ ಅನ್ನಿಸಿದ್ದು ಆಗ. ಆದರೆ ಬೇರೆ ಯಾರ ಬಳಿಗೆ ಕರೆದೊಯ್ಯಬೇಕೆಂದು ತಿಳಿಯದೆ ಕಾಲಿನ ನೆಪದಲ್ಲೇ ನನ್ನ ಬಳಿಗೆ ಕರೆತಂದರು.

ಕೇಳಬೇಕಾದ ಪ್ರಶ್ನೆ

ಕಾಲು ಪರೀಕ್ಷಿಸಿದೆ. ಮೂಳೆಯ ಮೇಲೆ ಒಂದೇ ಬೆರಳಿನಿಂದ ಒತ್ತಿದಾಗ ಮೊದಲು ಇದ್ದ ತೀಕ್ಷ್ಣ ನೋವು ಬಹುಮಟ್ಟಿಗೆ ಇಳಿದಿತ್ತು. ನಡೆದಾಡಲು ನೋವಿರಲಿಲ್ಲ. ಗುಣವಾಗುತ್ತಿದೆ ಎಂದು ಹೇಳಿದಾಗ ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಒಳ್ಳೆಯ ಸುದ್ದಿಗೆ ಇಪ್ಪತ್ತರ ಹುಡುಗನ ಮುಖ ಅರಳದಿದ್ದರೆ ಅಲ್ಲಿ ನಿಲ್ಲಬೇಕು, ಮುಂದಿನ ರೋಗಿಯನ್ನು ಕರೆಯಬಾರದು.

ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. ಕಳೆದ ಎರಡು ವಾರಗಳಲ್ಲಿ ನಿದ್ದೆ, ಹಸಿವು, ಆಸಕ್ತಿ, ಏಕಾಗ್ರತೆ ಹೇಗಿತ್ತು ಎಂದು ಕೇಳುತ್ತದೆ. ಗರಿಷ್ಠ ಅಂಕ 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನ ಕೊಡಲೇಬೇಕು. ಇವನದು 17. ಈ ಪಟ್ಟಿ ರೋಗನಿರ್ಣಯ ಮಾಡುವುದಿಲ್ಲ, ಯಾರನ್ನು ಮನೋವೈದ್ಯರ ಬಳಿಗೆ ಕಳುಹಿಸಬೇಕೆಂದು ತಿಳಿಸುತ್ತದೆ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದಕ್ಕೆ ಅವನು ಸೊನ್ನೆ ಹಾಕಿರಲಿಲ್ಲ.

ಅಮ್ಮನನ್ನು ಹೊರಗೆ ಕೂರಲು ಹೇಳಿ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ನಂಬಿಕೆ ನಮ್ಮ ವೃತ್ತಿಯವರಲ್ಲೂ ಇದೆ. ಅದು ತಪ್ಪು. ನೇರವಾಗಿ, ಸಮಾಧಾನದಿಂದ ಕೇಳಿದರೆ ಅಪಾಯ ಹೆಚ್ಚುವುದಿಲ್ಲ. ಒಬ್ಬನೇ ಹೊತ್ತುಕೊಂಡಿದ್ದವನಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಅವನೆಂದ: “ನಾನು ಇಲ್ಲದಿದ್ದರೆ ಅಪ್ಪನಿಗೆ ಜನರ ಮುಂದೆ ತಲೆ ತಗ್ಗಿಸುವುದು ತಪ್ಪುತ್ತದೆ ಅನ್ನಿಸುತ್ತದೆ ಮೇಡಂ.” ಮನೆಯಲ್ಲಿ ಕೋವಿ ಇದೆಯೇ ಎಂದು ಕೇಳಿದೆ. ಇದೆ ಎನ್ನಲು ಅವನು ತೆಗೆದುಕೊಂಡ ಹೊತ್ತು ನನಗೆ ಸಾಕಾಯಿತು.

ಈ ಪ್ರಶ್ನೆಯನ್ನು ಕೊಡಗಿನಲ್ಲಿ ಯಾವ ಆರೋಗ್ಯ ಕಾರ್ಯಕರ್ತರೂ ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದೆ. ಕೋವಿ ಇಲ್ಲಿನ ಮನೆತನದ ಗೌರವ, ಹಬ್ಬದ ಅಂಗ, ಅದರ ಬಗ್ಗೆ ನನಗೂ ಗೌರವವಿದೆ. ಆದರೆ ಆತ್ಮಹತ್ಯೆಯ ತೀವ್ರ ಯೋಚನೆ ಅನೇಕರಲ್ಲಿ ಅಲೆಯಂತೆ ಬಂದು ಇಳಿದುಹೋಗುತ್ತದೆ. ಆ ಹೊತ್ತಿನಲ್ಲಿ ಮಾರಕ ಸಾಧನ ಕೈಗೆ ಸಿಗದಂತೆ ಮಾಡುವುದು ಜೀವ ಉಳಿಸುವ ಅತ್ಯಂತ ಖಚಿತ ಕ್ರಮಗಳಲ್ಲೊಂದು. ಮನೆಯಲ್ಲಿ ಯಾರಾದರೂ ಈ ಸ್ಥಿತಿಯಲ್ಲಿದ್ದಾಗ ಕೋವಿಯೂ ತೋಟದ ಕೀಟನಾಶಕವೂ ಅವರ ಕೈಗೆ ಎಟಕುವಂತಿರಬಾರದು.

ನೀನು ಹೇಳಿದ್ದನ್ನೆಲ್ಲ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಇದೊಂದನ್ನು ಮಾತ್ರ ನಿನ್ನ ಅಪ್ಪನಿಗೆ ಹೇಳಲೇಬೇಕಾಗುತ್ತದೆ ಎಂದು ಮೊದಲು ಅವನಿಗೇ ತಿಳಿಸಿದೆ. ಅವನು ತಲೆಯಾಡಿಸಿದ. ಬೇಡವೆನ್ನಲಿಲ್ಲ.

ಅಪ್ಪ

ಅಂದೇ ಸಂಜೆ ಅವರು ಬಂದರು. ಎಂಆರ್‌ಐ ವರದಿಯನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನಾನು ಬ್ರೈಥಾಪ್ಟ್ ಕಂಡ ಸೈನಿಕರ ಕಥೆಯಿಂದಲೇ ಶುರುಮಾಡಿದೆ: ಇದು ಸೋಮಾರಿಗಳಿಗೆ ಬರುವ ಕಾಯಿಲೆಯಲ್ಲ, ಮಿತಿಮೀರಿ ದುಡಿದ ಕಾಲಿಗೆ ಬರುವುದು, ಮೊದಲು ಗುರುತಿಸಿದ್ದೇ ಸೇನೆಯಲ್ಲಿ. ಅವರು ಸ್ವಲ್ಪ ಹೊತ್ತು ವರದಿಯನ್ನೇ ನೋಡುತ್ತಿದ್ದು, “ನಮ್ಮ ಟ್ರೈನಿಂಗ್ ಸೆಂಟರಿನಲ್ಲಿ ರಂಗರೂಟುಗಳಿಗೆ ಹೀಗೆ ಆಗುತ್ತಿತ್ತು. ಉಸ್ತಾದರು ಅವರನ್ನು ಎಂ.ಐ. ರೂಮಿಗೆ, ಅಂದರೆ ವೈದ್ಯಕೀಯ ತಪಾಸಣೆಯ ಕೋಣೆಗೆ ಕಳುಹಿಸುತ್ತಿದ್ದರು. ನಾಟಕ ಎಂದು ನಾವೇ ನಗುತ್ತಿದ್ದೆವು” ಎಂದರು. ಮಗನಿಗೂ ಅದೇ ಮಾತನ್ನು ಮನಸ್ಸಿನೊಳಗೆ ಹೇಳಿದ್ದೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಕೋವಿಯ ವಿಷಯ ಬಂದಾಗ ಮಾತು ಕಠಿಣವಾಯಿತು. ಕೋವಿ ಮನೆಯಿಂದ ಹೊರಗೆ ಹೋದರೆ ಊರು ಕಾರಣ ಕೇಳುತ್ತದೆ. ಕಾರಣ ಗೊತ್ತಾದರೆ ಮಗನಿಗೆ ‘ತಲೆ ಸರಿಯಿಲ್ಲದವನು’ ಎಂಬ ಹೆಸರು ಬರುತ್ತದೆ, ನಾಳೆ ಹೆಣ್ಣು ಕೊಡುವವರು ಯೋಚಿಸುತ್ತಾರೆ. ಅವರ ಭಯ ಸುಳ್ಳಲ್ಲ. ಕೊನೆಗೆ ಅವರೇ ದಾರಿ ಹುಡುಕಿದರು. ಪರವಾನಗಿ ಇರುವ ಬಂದೂಕಿನ ಅಂಗಡಿಯಲ್ಲಿ ಕೋವಿಯನ್ನು ಠೇವಣಿ ಇಟ್ಟರು, ಊರಿಗೆ ರಿಪೇರಿ ಎಂದರು. ಕೀಟನಾಶಕದ ಡಬ್ಬಗಳು ಬೀಗ ಹಾಕಿದ ಶೆಡ್ಡಿಗೆ ಹೋದವು, ಬಾಟಲಿ ಅಪ್ಪನ ಟ್ರಂಕಿಗೆ ಹೋಯಿತು.

ಸೆಪ್ಟೆಂಬರ್ ಮೊದಲ ವಾರ ಕೈಲ್ ಮುಹೂರ್ತ ಬಂತು. ಬೇಸಾಯದ ಕೆಲಸ ಮುಗಿಸಿ ಆಯುಧಗಳನ್ನು ಪೂಜಿಸುವ ಹಬ್ಬ. ಕೋವಿಯ ಬಾಯಿಗೆ ತೋಕ್ ಹೂವು ಸಿಕ್ಕಿಸಿ ಇಡುವುದು ವಾಡಿಕೆ. ಆ ಮನೆಯಲ್ಲಿ ಆ ವರ್ಷ ಕತ್ತಿ, ಗುದ್ದಲಿಗಳ ಮೇಲೆ ಹೂವು ಇಟ್ಟರು. ನೆಂಟರೊಬ್ಬರು ಕೋವಿ ಎಲ್ಲಿ ಎಂದು ಕೇಳಿದಾಗ ಅಪ್ಪ ರಿಪೇರಿಗೆ ಹೋಗಿದೆ ಎಂದು ಹೇಳಿ, ಅವರ ತಟ್ಟೆಗೆ ಮತ್ತೊಂದು ಕಡಂಬುಟ್ಟು ಹಾಕಿ ಮಾತು ತಿರುಗಿಸಿದರಂತೆ. ಇದನ್ನು ನನಗೆ ಹೇಳಿದ್ದು ಮಗ. “ಅಪ್ಪ ನನಗಾಗಿ ಸುಳ್ಳು ಹೇಳಿದ್ದು ಅದೇ ಮೊದಲು” ಎಂದ.

ಮನೋವೈದ್ಯರ ಬಳಿಗೆ

ಹುಡುಗ ಮನೋವೈದ್ಯರ ಬಳಿಗೆ ಹೋಗಲು ಒಪ್ಪಲಿಲ್ಲ. ಅವನ ಕಾರಣ ಬೇರೆಯದು: ಸೇನೆಯ ವೈದ್ಯಕೀಯ ಪರೀಕ್ಷೆಯಲ್ಲಿ ಮಾನಸಿಕ ಆರೋಗ್ಯವನ್ನೂ ನೋಡುತ್ತಾರೆ, ದಾಖಲೆ ಇದ್ದರೆ ಗತಿಯೇನು? ಈ ಪ್ರಶ್ನೆಯನ್ನು ಸುಳ್ಳು ಧೈರ್ಯ ಹೇಳಿ ಸಾಗಹಾಕಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ರೋಗಿಗೆ ಕೊಟ್ಟಿದೆ, ಕಾಯ್ದೆಯಲ್ಲೇ ಹೇಳಿದ ಕೆಲವು ಸಂದರ್ಭಗಳನ್ನು ಬಿಟ್ಟರೆ ಆಸ್ಪತ್ರೆ ತಾನಾಗಿ ಯಾರಿಗೂ ಹೇಳುವಂತಿಲ್ಲ. ಆದರೆ ನಾಳೆ ಸೇನೆಯ ವೈದ್ಯರು ಕೇಳಿದರೆ ನಿಜ ಹೇಳಬೇಕಾಗುತ್ತದೆ ಎಂಬುದನ್ನೂ ಅವನಿಗೆ ಹೇಳಿದೆ. ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ ಮಾತಾಡು ಎಂದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಮೂರಕ್ಕೆ ಎಚ್ಚರವಾದಾಗ ಅವನು ಕರೆ ಮಾಡಿದ. ಅದಾದ ಮೇಲೆ ತಾನಾಗಿಯೇ ಮಡಿಕೇರಿಗೆ ಬಂದು ಮನೋವೈದ್ಯರನ್ನು ಕಂಡ.

ಖಿನ್ನತೆಯ ಔಷಧಿ ಶುರುವಾಯಿತು. ಇಪ್ಪತ್ತೈದರೊಳಗಿನವರಲ್ಲಿ ಈ ಔಷಧಿಗಳ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದಾದ್ದರಿಂದ ಹತ್ತಿರದ ನಿಗಾ ಬೇಕು. ಅದನ್ನು ಅಮ್ಮನಿಗೂ ಅಣ್ಣನಿಗೂ ವೈದ್ಯರು ಸ್ಪಷ್ಟವಾಗಿ ಹೇಳಿದರು. ಆ ವಾರಗಳಲ್ಲಿ ಬೆಂಗಳೂರಿನಲ್ಲಿದ್ದ ಅಣ್ಣ ರಜೆ ಹಾಕಿ ಬಂದು ತಮ್ಮನ ಕೋಣೆಯಲ್ಲೇ ಮಲಗಿದ.

ಬೆಳಗಿನ ಐದು ಗಂಟೆ

ನನ್ನ ಪಾಲಿನ ಕೆಲಸ ಇಲ್ಲಿಂದ. ರೆಸ್ಟ್ ಎಂದರೆ ಹಾಸಿಗೆ ಎಂದು ಅವನು ತಿಳಿದಿದ್ದ. ಬೇರೆ ಅರ್ಥವನ್ನು ಯಾರೂ ಹೇಳಿರಲಿಲ್ಲ. ವಿಶ್ರಾಂತಿ ಬೇಕಾಗಿದ್ದದ್ದು ಎಡಗಾಲಿನ ಒಂದು ಮೂಳೆಗೆ ಮಾತ್ರ. ಕೈ, ಹೆಗಲು, ಬೆನ್ನು, ಹೊಟ್ಟೆ, ಬಲಗಾಲು ಎಲ್ಲವೂ ಗಟ್ಟಿಯಾಗಿದ್ದವು. ಪುಲ್‌ಅಪ್ ಮಾಡಲು ಮೊದಲ ದಿನದಿಂದಲೂ ಯಾವ ಅಡ್ಡಿಯೂ ಇರಲಿಲ್ಲ. ಕಂಬಿಯಿಂದ ಜಿಗಿಯದೆ ಸ್ಟೂಲಿನ ಮೇಲೆ ಕಾಲಿಟ್ಟು ಇಳಿದರೆ ಸಾಕಿತ್ತು. ನಲವತ್ತು ಅಂಕದ ಆ ಅಭ್ಯಾಸವನ್ನೂ ಅವನು ಆರು ವಾರ ಕೈಬಿಟ್ಟಿದ್ದ.

ಎದ್ದೇಳುವ ಸಮಯ ಬದಲಾಗಬಾರದು ಎಂದೆ. ಐದಕ್ಕೆ ಎದ್ದು, ಶೂ ಹಾಕಿಕೊಂಡು, ಕಾಫಿ ಗೋದಾಮಿಗೆ ಹೋಗಬೇಕು. ಅಪ್ಪ ಅಲ್ಲಿ ಎರಡು ಕಂಬಗಳ ನಡುವೆ ಒಂದು ನೀರಿನ ಪೈಪು ಬಿಗಿದು ಕೊಟ್ಟರು. ಪುಲ್‌ಅಪ್, ಹೊಟ್ಟೆಯ ವ್ಯಾಯಾಮ, ಸೊಂಟದ ಸ್ನಾಯುಗಳಿಗೆ ಮಲಗಿ ಮಾಡುವ ಕಸರತ್ತು, ಹಿಮ್ಮಡಿ ಎತ್ತುವುದು, ನಂತರ ಸೈಕಲ್. ರಾತ್ರಿ ಊಟ ಬಿಡುವಂತಿಲ್ಲ. ಮೊಟ್ಟೆ, ಹಾಲು, ಮೀನು ಕಡ್ಡಾಯ. ಅವನ ನೋಟ್‌ಬುಕ್ಕನ್ನು ಕಿತ್ತುಕೊಳ್ಳಲಿಲ್ಲ. ಅವನ ಅಂಕಣದಲ್ಲಿ ಅಡ್ಡಗೆರೆಯ ಬದಲು ಅಂದು ಮಾಡಿದ್ದನ್ನು ಬರೆಯಲು ಹೇಳಿದೆ, ಬೇರೆಯವರ ಅಂಕಣಗಳನ್ನು ನಿಲ್ಲಿಸಲು ಹೇಳಿದೆ. ವ್ಯಾಯಾಮದ ಗುಂಪನ್ನು ಒಂದು ತಿಂಗಳು ಮ್ಯೂಟ್ ಮಾಡಲು ಒಪ್ಪಿದ.

ಮನಸ್ಸು ಸರಿಹೋಗಲಿ, ಆಮೇಲೆ ವ್ಯಾಯಾಮ ಎಂದು ಕಾಯಬಾರದು. ಖಿನ್ನತೆಯಲ್ಲಿ ಉತ್ಸಾಹ ಮೊದಲು ಬಂದು ಕೆಲಸ ನಂತರ ಆಗುವುದಿಲ್ಲ. ಕೆಲಸ ಮೊದಲು, ಉತ್ಸಾಹ ಅದರ ಹಿಂದೆ. ಮೊದಲ ವಾರ ಅವನು ಗೋದಾಮಿಗೆ ಹೋಗಿ ಶೂ ಕಟ್ಟಿಕೊಂಡು ಸುಮ್ಮನೆ ಕುಳಿತು ಬಂದ ದಿನಗಳೂ ಇದ್ದವು. ಅವನ್ನೂ ನೋಟ್‌ಬುಕ್ಕಿನಲ್ಲಿ ಬರೆದ.

ಮಳೆ ಪೂರ್ತಿ ಬಿಡುವ ಮುನ್ನವೇ ದೈಹಿಕ ಪರೀಕ್ಷೆಯ ರ‍್ಯಾಲಿಯ ಕರೆ ಬಂತು. ಹೋಗುವುದೋ ಬೇಡವೋ ಎಂಬ ಚರ್ಚೆ ಆ ಮನೆಯಲ್ಲಿ ಎರಡು ದಿನ ನಡೆಯಿತು. ಕೂಡಿಕೊಳ್ಳುತ್ತಿರುವ ಮೂಳೆಯ ಮೇಲೆ ಪೂರ್ಣ ವೇಗದಲ್ಲಿ ಓಡಿದರೆ ಅದು ಆರಪಾರ ಮುರಿಯಬಹುದು ಎಂದು ನಾನೂ ಮೂಳೆ ವೈದ್ಯರೂ ಹೇಳಿದೆವು. ಅಪ್ಪ ಬೇಡ ಎಂದರು. ಅಂದು ರಾತ್ರಿ ಹುಡುಗ ಬಹಳ ಅತ್ತ. ಅಣ್ಣ ಜೊತೆಗಿದ್ದ, ವೈದ್ಯರಿಗೆ ಮೊದಲೇ ತಿಳಿಸಿದ್ದೆವು, ಮರುದಿನವೇ ಕಂಡು ಬಂದರು. ಆ ರಾತ್ರಿಯನ್ನು ದಾಟಿದ್ದು ಈ ಪ್ರಕರಣದಲ್ಲಿ ಎಂಆರ್‌ಐಗಿಂತ ದೊಡ್ಡ ಸಂಗತಿ.

ಮತ್ತೆ ಓಟ

ಕಾಲಿನ ಮೇಲೆ ಕುಪ್ಪಳಿಸಿದರೂ ನೋವಿಲ್ಲ ಎಂದು ಖಚಿತವಾದ ಮೇಲೆ ಅಕ್ಟೋಬರ್ ಕೊನೆಯಲ್ಲಿ ಸಪಾಟಾದ ಹುಲ್ಲು ಮೈದಾನದಲ್ಲಿ ಓಟ ಶುರುಮಾಡಿದೆವು. ಎರಡು ನಿಮಿಷ ನಡಿಗೆ, ಒಂದು ನಿಮಿಷ ನಿಧಾನ ಓಟ, ದಿನ ಬಿಟ್ಟು ದಿನ. ನಾವು ಎಣಿಸಿದ್ದಕ್ಕಿಂತ ಇದು ಕಷ್ಟವಾಯಿತು. ನೋವಿರಲಿಲ್ಲ, ಭಯವಿತ್ತು. ಎಡಗಾಲು ನೆಲ ಮುಟ್ಟುವ ಹೊತ್ತಿಗೆ ಅವನ ಹೆಗಲು ಮೇಲೇರುತ್ತಿತ್ತು, ಉಸಿರು ಕಟ್ಟುತ್ತಿತ್ತು, ಭಾರವೆಲ್ಲ ಬಲಗಾಲಿಗೆ ಹೋಗುತ್ತಿತ್ತು. ಹಾಗೆಯೇ ಬಿಟ್ಟಿದ್ದರೆ ಬಲಗಾಲಿಗೂ ಗಾಯವಾಗುತ್ತಿತ್ತು. ಗಾಯಗೊಂಡವರಲ್ಲಿ ಚಲನೆಯ ಈ ಭಯ ಮೂಳೆ ಕೂಡಿದ ಮೇಲೂ ಉಳಿಯುತ್ತದೆ, ಅದಕ್ಕೂ ಚಿಕಿತ್ಸೆ ಬೇಕು. ಹೊಸ ಎಂಆರ್‌ಐ ಚಿತ್ರವನ್ನು ಹಳೆಯದರ ಪಕ್ಕದಲ್ಲಿಟ್ಟು ತೋರಿಸಿದೆ. ನಿಂತಲ್ಲೇ ಸಣ್ಣ ಕುಪ್ಪಳಿಕೆ, ನಂತರ ಒಂದು ಮೆಟ್ಟಿಲಿನಿಂದ ಇಳಿಯುವುದು, ನಂತರ ಓಟ: ಹೀಗೆ ಭಯವನ್ನೂ ಭಾರದಂತೆಯೇ ಹಂತ ಹಂತವಾಗಿ ಏರಿಸಿದೆವು. ದೂರ, ವೇಗ, ಏರಿಳಿತ, ಈ ಮೂರರಲ್ಲಿ ಒಮ್ಮೆಗೆ ಒಂದನ್ನೇ ಬದಲಿಸುವ ನಿಯಮ ಇಟ್ಟುಕೊಂಡೆವು.

ಗಾಯ ಮತ್ತು ಮಾನಸಿಕ ಆರೋಗ್ಯವನ್ನು ಒಟ್ಟಿಗೆ ನೋಡಬೇಕೆಂದು ಒಲಿಂಪಿಕ್ ಸಮಿತಿ 2019ರ ಒಮ್ಮತದ ಹೇಳಿಕೆಯಲ್ಲಿ ಒತ್ತಿ ಹೇಳಿದೆ. ಅದು ಉನ್ನತ ಮಟ್ಟದ ಆಟಗಾರರಿಗಾಗಿ. ಅವರಿಗೆ ತಂಡದ ವೈದ್ಯರಿರುತ್ತಾರೆ, ಮನಶ್ಶಾಸ್ತ್ರಜ್ಞರಿರುತ್ತಾರೆ. ಪೊಲೀಸ್, ಸೇನೆ, ಅರಣ್ಯ ಇಲಾಖೆಯ ಭರ್ತಿಗಾಗಿ ರಸ್ತೆ ಬದಿಯಲ್ಲಿ ಕತ್ತಲಲ್ಲೇ ಓಡುವ ನಮ್ಮ ಹುಡುಗ ಹುಡುಗಿಯರ ಬೆನ್ನಿಗೆ ಯಾರೂ ಇಲ್ಲ. ತರಬೇತಿ ಕೇಂದ್ರಗಳು ಕನಿಷ್ಠ ಎರಡು ಪ್ರಶ್ನೆಗಳನ್ನಾದರೂ ವಾರಕ್ಕೊಮ್ಮೆ ಕೇಳಬಹುದು: ಮೂಳೆಯ ಮೇಲೆ ಒಂದೇ ಕಡೆ ನೋಯುತ್ತಿದೆಯೇ, ರಾತ್ರಿ ನಿದ್ದೆ ಬರುತ್ತಿದೆಯೇ?

ಈಗಿನ ಸ್ಥಿತಿ ಹೀಗಿದೆ. ಪಿಎಚ್‌ಕ್ಯೂ-9 ಅಂಕ 4. ಔಷಧಿಯನ್ನು ಯಾವಾಗ ಇಳಿಸಬೇಕೆಂಬುದು ಮನೋವೈದ್ಯರಿಗೆ ಬಿಟ್ಟದ್ದು, ತಾನಾಗಿ ನಿಲ್ಲಿಸಿಲ್ಲ. ವಿಟಮಿನ್ ಡಿ 31ಕ್ಕೆ ಏರಿದೆ. ವಾರಕ್ಕೆ ನಾಲ್ಕು ದಿನ ಓಡುತ್ತಾನೆ, ಇಳಿಜಾರಿನಲ್ಲಿ ಓಡುವುದಿಲ್ಲ. ಸೇನೆಯ ವಯಸ್ಸು ಮೀರಿತು. ಅದರ ದುಃಖ ಹೋಗಿಲ್ಲ, ಹೋಗಬೇಕೆಂದು ನಾವು ಯಾರೂ ಒತ್ತಾಯಿಸುತ್ತಲೂ ಇಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ವಯೋಮಿತಿ ಇನ್ನೂ ಇದೆ, ಅದಕ್ಕೆ ಓದುತ್ತಿದ್ದಾನೆ. ಜೊತೆಗೆ ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದ್ದಾನೆ. ಊರಿನವರು ಈಗಲೂ ‘ಮಿಲಿಟ್ರಿ’ ಎಂದೇ ಕರೆಯುತ್ತಾರೆ. ಆ ಹೆಸರು ಬೇಡ ಎಂದು ಹೇಳಲು ಅವನಿಗೆ ಇನ್ನೂ ಆಗಿಲ್ಲ, ಅದರ ಬಗ್ಗೆ ಆಪ್ತಸಮಾಲೋಚಕರ ಜೊತೆ ಮಾತು ನಡೆಯುತ್ತಿದೆ. ಕೋವಿ ಇನ್ನೂ ಅಂಗಡಿಯಲ್ಲೇ ಇದೆ. ಮನೋವೈದ್ಯರು ಹೇಳುವವರೆಗೆ ತರುವುದಿಲ್ಲ ಎಂದು ಅಪ್ಪ ಠೇವಣಿಯ ರಸೀದಿಯನ್ನು ಅಣ್ಣನ ಕೈಯಲ್ಲಿ ಕೊಟ್ಟಿದ್ದಾರೆ.